ಕೆಲಸ ಬಿಡದ ನಾಯಿ

— ಒಂದು ಹಿಂಡಿಗೆ ಎರಡು ತಳಿಯ ನಾಯಿ ಯಾಕಮ್ಮ? ನಮ್ಮ ಶಿರಾ ಸೀಮೆಯ ಕುರಿಯವರು ಸಾಕೋ ನಾಯಿ ಹಗಲೆಲ್ಲ ಹಿಂಡಿನ ಜೊತೆ ನಡೆಯುತ್ತೆ, ರಾತ್ರಿ ಹಟ್ಟಿ ಕಾಯುತ್ತೆ. ತೋಳದ ವಾಸನೆ ಬಂದರೆ ಊರು ಏಳೋ ಹಾಗೆ ಬೊಗಳುತ್ತೆ. ಹಿಂಡು ತಿರುಗಿಸೋದಕ್ಕೆ ಕುರಿಯವನ ಬಾಯಿದೆ, ಕೋಲಿದೆ. ಆ ಪಿರೆನೀಸ್ ಬೆಟ್ಟದವರಿಗೆ ಮಾತ್ರ ದೊಡ್ಡದೊಂದು, ಚಿಕ್ಕದೊಂದು ಬೇಕಾ?

— ಬೇಕು ಚಿಕ್ಕಪ್ಪ. ಆ ಬೆಟ್ಟಕ್ಕೆ ಹೋಗಿ ನಿಂತರೆ ಗೊತ್ತಾಗುತ್ತೆ. ನಾನಿರೋ ತುಲೂಸ್ ಊರಿಂದ ಆಕಾಶ ತಿಳಿಯಾಗಿರೋ ದಿನ ದಕ್ಷಿಣಕ್ಕೆ ಆ ಸಾಲು ಉದ್ದಕ್ಕೂ ಕಾಣುತ್ತೆ. ಅಟ್ಲಾಂಟಿಕ್ ತೀರದಿಂದ ಮೆಡಿಟರೇನಿಯನ್ ತೀರದವರೆಗೆ 400 ಕಿಲೋಮೀಟರಿಗೂ ಹೆಚ್ಚು ಉದ್ದ. ಈ ಕಡೆ ಫ್ರಾನ್ಸ್, ಆ ಕಡೆ ಸ್ಪೇನ್. ಎತ್ತರದ ಶಿಖರ ಅನೇತೋ 3,404 ಮೀಟರ್. ಜೂನ್ ತಿಂಗಳಲ್ಲಿ ಕಣಿವೆಯ ಹಳ್ಳಿಗಳಿಂದ ಕುರಿಗಳು ಮೇಲಿನ ಹುಲ್ಲುಗಾವಲಿಗೆ ಹತ್ತುತ್ತವೆ, ಸೆಪ್ಟೆಂಬರ್ ಕಳೆಯೋ ಹೊತ್ತಿಗೆ ಇಳಿಯುತ್ತವೆ. ಅಷ್ಟು ದಿನ ಒಬ್ಬ ಕುರಿಗಾಹಿ, ನೂರಾರು ಕುರಿ. ನೀವು ಹೇಳೋ ಬಯಲು ಸೀಮೆಯಲ್ಲಿ ಹಿಂಡಿನ ತಲೆಯಿಂದ ಬಾಲದವರೆಗೆ ಕಣ್ಣಿಗೆ ಕಾಣುತ್ತೆ. ಅಲ್ಲಿ ಅರ್ಧ ಹಿಂಡು ಒಂದು ಕೊರಕಲಿನ ಆಚೆ, ಇನ್ನರ್ಧ ಬಂಡೆಯ ಮೇಲೆ. ಮಧ್ಯಾಹ್ನ ಮಂಜು ಏರಿತು ಅಂದರೆ ಹತ್ತು ಮಾರು ದೂರದ್ದೂ ಕಾಣಿಸಲ್ಲ. ಕೂಗಿದ್ದು ಎದುರಿನ ಬಂಡೆಗೆ ಬಡಿದು ವಾಪಸು ಬರುತ್ತೆ. ಅಲ್ಲಿ ಮನುಷ್ಯನ ಕಾಲು ಮುಟ್ಟದ ಕಡೆ ಓಡೋದಕ್ಕೆ ಇನ್ನೊಂದು ಜೀವ ಬೇಕು. ಅದು ಚಿಕ್ಕ ನಾಯಿ. ಪಿರೆನೀಸ್ ಕುರಿನಾಯಿ. ಅಲ್ಲಿನ ಜನ ಲಾಬ್ರಿ ಅಂತಲೂ ಕರೀತಾರೆ.

— ಮತ್ತೆ ನೀನು ಕಳಿಸಿದ ಫೋಟೋದಲ್ಲಿದ್ದ ಆ ಬಿಳೀ ದೊಡ್ಡದು?

— ಅದು ಪಾತೂ. ಪಿರೆನೀಸ್ ಬೆಟ್ಟನಾಯಿ. ಅದಕ್ಕೆ ಕುರಿ ಓಡಿಸೋ ಕೆಲಸವೇ ಇಲ್ಲ. ಕರಡಿ, ತೋಳ, ಬೀದಿನಾಯಿ, ಕಳ್ಳ, ಇವರ ಎದುರಿಗೆ ನಿಲ್ಲೋದು ಅದರ ಕೆಲಸ. ಒಂದೇ ನಾಯಿ ಎರಡನ್ನೂ ಮಾಡಲಾರದಾ ಅಂತ ನಾನೂ ಅಲ್ಲಿ ಕೇಳಿದೆ. ಆಗಲ್ಲ ಅಂದರು. ಯಾಕೆ ಅಂತ ನನಗೆ ಸರಿಯಾಗಿ ಹಿಡಿತಕ್ಕೆ ಸಿಗಲಿಲ್ಲ.

— ಅದನ್ನ ನಾನು ಹೇಳಬಲ್ಲೆ, ಇಷ್ಟು ವರ್ಷ ಜಾನುವಾರು ಆಸ್ಪತ್ರೆಯಲ್ಲಿ ಕೂತಿದ್ದಕ್ಕೆ. ತೋಳ ಬೇಟೆಯಾಡೋದನ್ನ ಒಂದು ಸರಣಿ ಅಂತ ಇಟ್ಟುಕೋ. ಮೊದಲು ದಿಟ್ಟಿಸುತ್ತೆ, ಆಮೇಲೆ ಹೊಂಚುತ್ತೆ, ಅಟ್ಟುತ್ತೆ, ಹಿಡಿಯುತ್ತೆ, ಕೊಲ್ಲುತ್ತೆ. ಕುರಿ ಅಟ್ಟೋ ನಾಯಿಯಲ್ಲಿ ಮನುಷ್ಯ ಈ ಸರಣಿಯ ಮೊದಲ ಭಾಗವನ್ನ ಬಲಪಡಿಸಿ, ಕೊನೆಯದನ್ನ ಕತ್ತರಿಸಿದ್ದಾನೆ. ಅದು ಕುರಿಯನ್ನ ಅಟ್ಟುತ್ತೆ, ಹಲ್ಲು ಊರಲ್ಲ. ಕುರಿ ಜರುಗೋದು ಒಳಗೊಳಗೇ ಅದನ್ನ ಬೇಟೆಗಾರ ಅಂತ ಗುರುತಿಸೋದರಿಂದಲೇ. ಕಾವಲು ನಾಯಿಯಲ್ಲಿ ಇಡೀ ಸರಣಿಯೇ ಮಂಕಾಗಿರಬೇಕು. ಕುರಿ ಓಡಿದರೆ ಅದಕ್ಕೆ ಬೆನ್ನಟ್ಟೋ ಆಸೆಯೇ ಹುಟ್ಟಬಾರದು. ಕುರಿಮರಿ ಅದರ ಹೊಟ್ಟೆಗೆ ಒರಗಿ ಮಲಗಬೇಕು. ಒಂದರಿಂದ ಕುರಿ ಸರಿದು ಹೋಗಬೇಕು, ಇನ್ನೊಂದರ ಹತ್ತಿರಕ್ಕೆ ಬರಬೇಕು. ಎರಡನ್ನೂ ಒಂದೇ ತಲೆಯಲ್ಲಿ ತುಂಬೋದು ಹೇಗೆ?

— ಸರಿಯಾಗಿ ಹೇಳಿದಿರಿ. ಅಲ್ಲಿನ ಒಬ್ಬ ಕುರಿಗಾಹಿ ಇದನ್ನೇ ಬೇರೆ ರೀತಿಯಲ್ಲಿ ತೋರಿಸಿದ. ಚಿಕ್ಕ ನಾಯಿ ಎದ್ದು ನಿಂತರೆ ಕುರಿಗಳೆಲ್ಲ ತಲೆ ಎತ್ತುತ್ತವೆ. ಪಾತೂ ಅವುಗಳ ಮಧ್ಯೆ ನಡೆದುಹೋದರೂ ಮೇಯೋದು ನಿಲ್ಲಿಸಲ್ಲ.

— ಆ ಚಿಕ್ಕದು ಎಷ್ಟು ದೊಡ್ಡದಿರುತ್ತೆ? ಫೋಟೋದಲ್ಲಿ ಮರಿಯ ಹಾಗಿದೆ.

— ಉದ್ದ ಕೂದಲಿನ ಬಗೆಯಲ್ಲಿ ಗಂಡು 42ರಿಂದ 48 ಸೆಂಟಿಮೀಟರ್ ಎತ್ತರ, ಹೆಣ್ಣು 40ರಿಂದ 46. ಮುಖದ ಮೇಲೆ ಗಿಡ್ಡ ಕೂದಲಿರೋ ಇನ್ನೊಂದು ಬಗೆ ಇದೆ, ಅದು ಇನ್ನೂ ಸ್ವಲ್ಪ ಎತ್ತರ ಬೆಳೆಯುತ್ತೆ. ತೂಕ ಹತ್ತು, ಹನ್ನೆರಡು ಕಿಲೋ ಆಸುಪಾಸು. ಎತ್ತಿ ಹೆಗಲ ಮೇಲೆ ಹಾಕಿಕೊಂಡು ಹಳ್ಳ ದಾಟಿಸಬಹುದು. ಆದರೆ ಆ ಹತ್ತು ಕಿಲೋದಲ್ಲಿ ಒಂದು ಕ್ಷಣ ಸುಮ್ಮನಿರೋ ಅಂಗ ಇಲ್ಲ. ಕಿವಿ, ಕಣ್ಣು, ಮೂಗು ಎಲ್ಲ ಒಂದೇ ಸಲ ಕೆಲಸದಲ್ಲಿ ಇರುತ್ತವೆ. ತಳಿಯ ಲಕ್ಷಣ ಬರೆದವರೂ ಇದನ್ನೇ ಮುಖ್ಯ ಮಾಡಿದ್ದಾರೆ: ಆದಷ್ಟು ಚಿಕ್ಕ ಮೈಯಲ್ಲಿ ಆದಷ್ಟು ಹೆಚ್ಚು ಚೈತನ್ಯ ಇರಬೇಕು ಅಂತ.

— ಬೆಟ್ಟದಲ್ಲಿ ಚಿಕ್ಕ ಮೈ ಇರೋದೇ ಸರಿ. ಇಳಿಜಾರಲ್ಲಿ ಓಡಿ, ಥಟ್ಟನೆ ನಿಂತು, ತಿರುಗಬೇಕಲ್ಲ. ಭಾರದ ನಾಯಿ ದಿನವಿಡೀ ಹಾಗೆ ಮಾಡಿದರೆ ಮುಂಗಾಲಿನ ಕೀಲು ಬೇಗ ಸವೆಯುತ್ತೆ. ಊಟವೂ ನೋಡು. ಬೆಟ್ಟದ ಗುಡಿಸಲಲ್ಲಿ ನಾಯಿಗೆ ಏನು ಹಾಕ್ತಿದ್ದರು?

— ಹಾಲು ಒಡೆದ ನೀರು, ಒಣ ರೊಟ್ಟಿಯ ಚೂರು. ಅಲ್ಲಿ ಬೆಟ್ಟದ ಮೇಲೇ ಗಿಣ್ಣು ಮಾಡ್ತಾರೆ, ಚೀಸ್. ಒಸೋ-ಇರಾತಿ ಅನ್ನೋ ಕುರಿಹಾಲಿನ ಚೀಸ್ ಆ ಪಶ್ಚಿಮದ ಕಣಿವೆಗಳದ್ದೇ. ಅದರ ಹಾಲೊಡಕು ನಾಯಿಗೂ ಹಂದಿಗೂ. ಅಷ್ಟರಲ್ಲೇ ದಿನವೆಲ್ಲ ಓಡಬೇಕಿತ್ತು.

— ಕೂದಲು?

— ಕೂದಲಿನ ಬಗ್ಗೆ ಹೇಳಲೇಬೇಕು. ಮೇಕೆಯ ಕೂದಲಿಗೂ ಕುರಿಯ ಉಣ್ಣೆಗೂ ನಡುವಿನದು. ಒರಟು, ಒತ್ತು, ಸ್ವಲ್ಪ ಅಲೆಅಲೆ. ಮಳೆ ನೀರು ಮೇಲಿಂದ ಜಾರಿ ಹೋಗುತ್ತೆ. ಹಿಂಭಾಗದಲ್ಲಿ, ತೊಡೆಯ ಮೇಲೆ ಉದ್ದ ಬೆಳೆದು ಹಗ್ಗದ ಹಾಗೆ ಹೆಣೆದುಕೊಳ್ಳುತ್ತೆ, ಅದನ್ನ ಬಾಚಲ್ಲ. ಮುಖದ ಕೂದಲು ಮಾತ್ರ ಮೂಗಿನಿಂದ ಹಿಂದಕ್ಕೆ, ಎದುರು ಗಾಳಿಯಲ್ಲಿ ಓಡಿಬಂದ ಹಾಗೆ ಸರಿದಿರುತ್ತೆ. ಕಣ್ಣಿಗೆ ಬೀಳಬಾರದು. ಬಿದ್ದರೆ ಅದು ತಳಿಯ ದೋಷ. ಬಣ್ಣ ಕೆಂಚು, ಬೂದು, ಕಪ್ಪು, ಕೆಲವಕ್ಕೆ ಮೈಮೇಲೆ ಪಟ್ಟೆ. ಬೂದು ಮೈಮೇಲೆ ಕಪ್ಪು ಚೆಲ್ಲಿದ ಹಾಗಿರೋದೂ ಇದೆ, ಮರ್ಲ್ ಅಂತಾರೆ. ಅಂಥ ನಾಯಿಗೆ ಒಂದು ಕಣ್ಣು ನೀಲಿ ಇರಬಹುದು.

— ಮರ್ಲ್ ಬಣ್ಣದ ಗಂಡನ್ನೂ ಮರ್ಲ್ ಬಣ್ಣದ ಹೆಣ್ಣನ್ನೂ ಕೂಡಿಸಬಾರದು, ಗೊತ್ತಾ? ಎರಡೂ ಕಡೆಯಿಂದ ಆ ಜೀನ್ ಬಂದ ಮರಿ ಬಹುಪಾಲು ಬಿಳಿಯಾಗಿ ಹುಟ್ಟುತ್ತೆ. ಕಿವುಡೋ ಕುರುಡೋ ಆಗೋ ಅಪಾಯ ಹೆಚ್ಚು. ಅಂಥ ಜೋಡಿಗೆ ಹುಟ್ಟೋ ನಾಲ್ಕು ಮರಿಯಲ್ಲಿ ಸರಾಸರಿ ಒಂದಕ್ಕೆ ಎರಡೂ ಕಡೆಯ ಜೀನ್ ಬರುತ್ತೆ. ಬಣ್ಣ ಚಂದ ಅಂತ ಸಾಕೋರು ಇದನ್ನೇ ಮರೀತಾರೆ. ಕುರಿಗಾಹಿ ಮರೆಯಲ್ಲ; ಕಿವುಡು ನಾಯಿ ಅವನಿಗೆ ಒಂದು ದಿನಕ್ಕೂ ಉಪಯೋಗ ಇಲ್ಲ.

— ಅದೇ ನಾನು ಹೇಳಬೇಕು ಅಂದುಕೊಂಡಿದ್ದು ಚಿಕ್ಕಪ್ಪ. ಈ ನಾಯಿಯನ್ನ ರೂಪಿಸಿದ್ದು ರೂಪ ನೋಡೋ ಕಣ್ಣಲ್ಲ. ಶತಮಾನಗಟ್ಟಲೆ ಕುರಿಗಾಹಿ ಮಾಡಿದ್ದಿಷ್ಟೇ: ಚೆನ್ನಾಗಿ ದುಡಿಯೋ ಹೆಣ್ಣುನಾಯಿಗೆ ಪಕ್ಕದ ಗುಡಿಸಲಿನ ಚೆನ್ನಾಗಿ ದುಡಿಯೋ ಗಂಡು. ಕಣಿವೆ ದಾಟಿ ಹೋಗ್ತಿರಲಿಲ್ಲ. ಹಾಗಾಗಿ ಒಂದೊಂದು ಕಣಿವೆಗೂ ಒಂದೊಂದು ಥರದ ನಾಯಿ. ಒಂದು ಕಡೆ ಗಿಡ್ಡ, ಒಂದು ಕಡೆ ಉದ್ದ ಕಾಲು, ಒಂದು ಕಡೆ ಮುಖ ನುಣುಪು. ಇಪ್ಪತ್ತನೆಯ ಶತಮಾನ ಶುರುವಾಗೋವರೆಗೆ ಊರಾಚೆಯ ನಾಯಿಪ್ರಿಯರಿಗೆ ಇಂಥದ್ದೊಂದು ತಳಿ ಇದೆ ಅಂತಲೇ ಗೊತ್ತಿರಲಿಲ್ಲ.

— ಕಣಿವೆ ಕಣಿವೆಗೆ ಹೋಗಿಬರೋ ಬಳಕೆ ಇರಲಿಲ್ಲವಾ?

— ಹುಲ್ಲಿಗೆ ಜಗಳ ಆಡೋಕೆ ಹೋಗ್ತಿದ್ದರು! ಒಂದು ಸಂಗತಿ ಹೇಳ್ತೀನಿ. ಫ್ರಾನ್ಸಿನ ಬಾರೆತೂ ಕಣಿವೆಯವರಿಗೂ ಸ್ಪೇನಿನ ರೊಂಕಾಲ್ ಕಣಿವೆಯವರಿಗೂ ಹುಲ್ಲು ನೀರಿಗಾಗಿ ಹೊಡೆದಾಟ ನಡೆದು, 1375ರಲ್ಲಿ ಪಂಚಾಯಿತಿ ತೀರ್ಮಾನ ಆಯಿತು. ಬಾರೆತೂ ಕಣಿವೆಯವರು ವರ್ಷಕ್ಕೆ ಮೂರು ಹಸು ಕೊಡಬೇಕು ಅಂತ. ಇವತ್ತಿಗೂ ಜುಲೈ 13ರಂದು ಗಡಿಯ ಮೇಲೆ ಎರಡೂ ಕಡೆಯವರು ಸೇರಿ ಆ ಮೂರು ಹಸು ಒಪ್ಪಿಸ್ತಾರೆ. ಎರಡು ದೇಶಗಳ ನಡುವೆ ಎಷ್ಟೋ ಯುದ್ಧ ಆಗಿಹೋಯಿತು, ಈ ಒಪ್ಪಂದ ಮುರಿದಿಲ್ಲ. ಹುಲ್ಲು ಅಲ್ಲಿ ಅಷ್ಟು ದೊಡ್ಡದು.

— ಹುಲ್ಲು ಎಲ್ಲ ಕಡೆಯೂ ಅಷ್ಟೇ ದೊಡ್ಡದಮ್ಮ. ಇರಲಿ. ಹಾಗಾದರೆ ಹೊರಗಿನವರಿಗೆ ಈ ಚಿಕ್ಕ ನಾಯಿ ಗೊತ್ತಾಗಿದ್ದು ಹೇಗೆ?

— ಮೊದಲನೆಯ ಮಹಾಯುದ್ಧದಲ್ಲಿ. ಫ್ರೆಂಚ್ ಸೈನ್ಯಕ್ಕೆ ಸಂದೇಶ ಒಯ್ಯೋ ನಾಯಿ ಬೇಕಾಗಿತ್ತು. ಕಂದಕದಿಂದ ಕಂದಕಕ್ಕೆ ತಂತಿ ಎಳೆದರೆ ಗುಂಡಿಗೆ ಹರಿದುಹೋಗ್ತಿತ್ತು, ಮನುಷ್ಯ ಓಡಿದರೆ ದೊಡ್ಡ ಗುರಿ. ಚಿಕ್ಕದು, ಮಣ್ಣಿನ ಬಣ್ಣದ್ದು, ಸದ್ದಿಲ್ಲದೆ ಓಡೋದು, ಏನಾದರೂ ಆದರೆ ತಾನೇ ದಾರಿ ಹುಡುಕೋದು: ಪಿರೆನೀಸ್ ಕುರಿನಾಯಿ ಆ ಕೆಲಸಕ್ಕೆ ಹೇಳಿಮಾಡಿಸಿದ ಹಾಗಿತ್ತು. ಬೆಟ್ಟದ ಹುಡುಗರೂ ಹೋದರು, ಅವರ ನಾಯಿಗಳೂ ಹೋದವು. ವಾಪಸು ಬಾರದವು ಬಹಳ. ಆದರೆ ಉಳಿದ ಸೈನಿಕರು ಈ ನಾಯಿಯ ಮಾತು ಊರೂರಿಗೆ ಒಯ್ದರು. 1921ರಲ್ಲಿ ತಳಿಯ ಲಕ್ಷಣಗಳನ್ನ ಮೊದಲ ಸಲ ಅಧಿಕೃತವಾಗಿ ಬರೆದರು. 1923ರಲ್ಲಿ ಪಿರೆನೀಸ್ ನಾಯಿಗಳಿಗಾಗಿ ಒಂದು ಸಂಘ ಆಯಿತು; ಅದರ ಹಿಂದೆ ಇದ್ದವರು ಬೆರ್ನಾರ್ ಸೆನಾಕ್-ಲಗ್ರಾಂಜ್. 1925ರಲ್ಲಿ ಲಕ್ಷಣಗಳನ್ನ ತಿದ್ದಿ, 1926ರಲ್ಲಿ ಫ್ರಾನ್ಸಿನ ಕೇಂದ್ರ ಶ್ವಾನಸಂಸ್ಥೆ ಮಾನ್ಯತೆ ಕೊಟ್ಟಿತು.

— ಇಲ್ಲೇ ನನಗೆ ಭಯ. ಕಣಿವೆಗೊಂದು ಥರ ಇದ್ದ ನಾಯಿಗೆ ಕಾಗದದ ಮೇಲೆ ಒಂದೇ ರೂಪ ಬರೆದುಬಿಟ್ಟರೆ, ಆ ಕಾಗದಕ್ಕೆ ಹೊಂದದ ಒಳ್ಳೆ ನಾಯಿಗಳು ಏನಾಗಬೇಕು? ನಮ್ಮ ಮುಧೋಳ ನಾಯಿಯ ವಿಷಯದಲ್ಲೂ ನಾನು ಇದನ್ನೇ ಕೇಳ್ತಿದ್ದೆ. ಬೇಟೆ ನಿಂತು ಎಷ್ಟು ಕಾಲ ಆಯಿತು. ಓಡೋ ಎದೆ, ನೋಡೋ ಕಣ್ಣು ಉಳಿಸಿಕೊಳ್ಳಬೇಕಾದರೆ ಪ್ರದರ್ಶನದ ಹಗ್ಗ ಹಿಡಿದು ನಿಲ್ಲಿಸಿದರೆ ಸಾಲದು.

— ನಿಮ್ಮ ಭಯ ಸುಳ್ಳಲ್ಲ. ಆದರೆ ಈ ಚಿಕ್ಕ ನಾಯಿಯ ಲಕ್ಷಣ ಬರೆದವರು ಒಂದು ಒಳ್ಳೆ ಕೆಲಸ ಮಾಡಿದರು. ಎರಡು ಬಗೆಯನ್ನೂ ಉಳಿಸಿಕೊಂಡರು: ಕೂದಲು ಮುಖದ್ದು, ನುಣುಪು ಮುಖದ್ದು. ಬಣ್ಣಕ್ಕೆ ಹೆಚ್ಚು ಕಟ್ಟು ಹಾಕಲಿಲ್ಲ. ಎತ್ತರಕ್ಕೆ ಸಡಿಲ ಬಿಟ್ಟರು. ಹಿಂಗಾಲಿನಲ್ಲಿ ನೆಲ ಮುಟ್ಟದ ಹೆಚ್ಚುವರಿ ಬೆರಳಿರುತ್ತಲ್ಲ, ಅದು ಒಂದಿರಲಿ, ಎರಡಿರಲಿ, ಇಲ್ಲದೇ ಇರಲಿ, ಮೂರಕ್ಕೂ ಒಪ್ಪಿಗೆ ಕೊಟ್ಟರು. ನಡಿಗೆಯ ಬಗ್ಗೆ ಮಾತ್ರ ಗಟ್ಟಿ ಹಿಡಿದರು. ಓಡುವಾಗ ಪಾದ ಎತ್ತರಕ್ಕೆ ಏಳಬಾರದು, ನೆಲ ಸವರಿಕೊಂಡು ಹೋಗಬೇಕು ಅಂತ.

— ಅದು ಒಳ್ಳೇದು! ಕಾಲು ಎತ್ತೆತ್ತಿ ಓಡೋ ನಾಯಿ ಪ್ರದರ್ಶನದಲ್ಲಿ ಚಪ್ಪಾಳೆ ಗಿಟ್ಟಿಸುತ್ತೆ, ಸಂಜೆಗೆ ಸುಸ್ತಾಗಿ ಮಲಗುತ್ತೆ. ಕಾಲು ಎತ್ತದೆ ಓಡೋದೇ ಶಕ್ತಿ ಉಳಿಸೋ ಓಟ. ಹಾಗಾದರೆ ಬರೆದವರು ಕೆಲಸ ನೋಡಿದವರೇ. ಕಿವಿ ಕತ್ತರಿಸಿದ್ದಾರಲ್ಲ ಫೋಟೋದಲ್ಲಿ?

— ಅದು ಹಳೇ ಫೋಟೋ. ಹಿಂದೆ ಕತ್ತರಿಸ್ತಿದ್ದರು, ಕಚ್ಚಾಟದಲ್ಲಿ ಕಿವಿ ಹರಿಯಬಾರದು ಅಂತ. ಈಗ ಫ್ರಾನ್ಸಲ್ಲಿ ಕಿವಿ ಕತ್ತರಿಸೋದು ಕಾನೂನಿನ ಪ್ರಕಾರ ನಿಷಿದ್ಧ. ಬಾಲದ ಮಾತು ಬೇರೆ, ಕೆಲವು ಮರಿಗೆ ಹುಟ್ಟುವಾಗಲೇ ಅದು ಮೋಟು.

— ಕೆಲಸ ಮಾಡೋ ರೀತಿ? ವೀಡಿಯೋಗಳಲ್ಲಿ ಬಾರ್ಡರ್ ಕಾಲಿ ನೋಡಿದ್ದೀನಿ. ಹೊಟ್ಟೆ ನೆಲಕ್ಕೆ ತಾಗಿಸಿ, ಕಣ್ಣು ಕೀಲಿಸಿ, ಉಸಿರು ಬಿಡದ ಹಾಗೆ ತೆವಳಿ ಹೋಗುತ್ತೆ.

— ಇದು ಹಾಗಲ್ಲ. ಇದು ಎದ್ದು ನಿಂತೇ ಕೆಲಸ ಮಾಡುತ್ತೆ, ಬೇಕಾದಾಗ ಬೊಗಳುತ್ತೆ. ಕಣ್ಣಿನಿಂದ ಕುರಿಯನ್ನ ಕಟ್ಟಿಹಾಕಲ್ಲ. ಹಿಂಡಿನ ಪಕ್ಕದಲ್ಲಿ, ಹಿಂದೆ, ಮತ್ತೆ ಪಕ್ಕಕ್ಕೆ ಓಡಾಡ್ತಾ ಅಂಚನ್ನ ಹಿಡಿದಿಡುತ್ತೆ. ಬಾರ್ಡರ್ ಕಾಲಿ ದೂರಕ್ಕೆ ಹೋಗಿ ಹಿಂಡನ್ನ ತರೋದರಲ್ಲಿ ಗಟ್ಟಿ; ಈ ನಾಯಿ ಕುರಿಗಾಹಿಯ ಒಡನಾಟದಲ್ಲಿ, ಅವನ ಮುಖ ನೋಡ್ತಾ ನೋಡ್ತಾ ದುಡಿಯುತ್ತೆ. ಅವನು ತಿರುಗಿದ ಕಡೆಗೆ ಇದರ ತಲೆ. ಒಬ್ಬನೇ ಯಜಮಾನ ಇದಕ್ಕೆ. ಬೇರೆಯವರು ಮುಟ್ಟೋಕೆ ಬಂದರೆ ಹಿಂದೆ ಸರಿಯುತ್ತೆ, ಗುರ್ ಅನ್ನುತ್ತೆ. ನನ್ನ ಕೈ ಮೂಸೋದಕ್ಕೇ ಅರ್ಧ ದಿನ ತಗೊಂಡಿತು ಆ ಕುರಿಗಾಹಿಯ ನಾಯಿ.

— ಆದರೂ ಪೇಪರಲ್ಲಿ, ಕ್ಯಾಲೆಂಡರಲ್ಲಿ ಬರೋದೆಲ್ಲ ಆ ಬಿಳಿಯದ್ದೇ.

— ಯಾವಾಗಲೂ ಹಾಗೇ ಆಗಿದೆ ಚಿಕ್ಕಪ್ಪ. ಪಾತೂವನ್ನ ಹದಿನಾಲ್ಕನೆಯ ಶತಮಾನದಲ್ಲೇ ಫ್ವಾ ಸೀಮೆಯ ದೊರೆ ಗಾಸ್ತೋಂ ಫೇಬ್ಯುಸ್ ಪ್ರಸ್ತಾಪಿಸಿದ್ದಾನೆ. ಹದಿನೇಳನೆಯ ಶತಮಾನದಲ್ಲಿ ಹದಿನಾಲ್ಕನೆಯ ಲೂಯಿಯ ಆಸ್ಥಾನಕ್ಕೂ ಹೋಯಿತು. ಗಂಡು 70ರಿಂದ 80 ಸೆಂಟಿಮೀಟರ್ ಎತ್ತರ, ಸುಮಾರು 60 ಕಿಲೋ. ಬಿಳಿ ಮೈ, ಗಂಭೀರ ಮುಖ. ದೊರೆಗಳಿಗೆ ಇಷ್ಟವಾಗದೆ ಇರುತ್ತಾ? ಕೊತ್ರೆ ಅನ್ನೋ ಬಿಸಿನೀರಿನ ಬುಗ್ಗೆಯ ಊರಿಗೆ, ಲೂರ್ದ್ ಅನ್ನೋ ಯಾತ್ರಾಸ್ಥಳಕ್ಕೆ ರೈಲು ಬಂದಮೇಲೆ ಪ್ಯಾರಿಸ್‌ನವರೂ ಇಂಗ್ಲೆಂಡಿನವರೂ ಬಂದರು. 1907ರಲ್ಲಿ ಪಾತೂ ಸಂಘಗಳೂ ಹುಟ್ಟಿಕೊಂಡವು. ಬೆಟ್ಟದಲ್ಲಿ ಕರಡಿ ಕಡಿಮೆಯಾಗ್ತಾ ಇದ್ದ ಹೊತ್ತಿಗೆ, ಕೆಳಗೆ ಪಾತೂವಿಗೆ ಗಿರಾಕಿ ಹೆಚ್ಚಾದರು. 1965ರಲ್ಲಿ ಒಬ್ಬ ಹುಡುಗ ಮತ್ತು ಬಿಳಿ ನಾಯಿಯ ಸ್ನೇಹದ ಟೆಲಿವಿಷನ್ ಧಾರಾವಾಹಿ ಬಂತು, ಬೆಲ್ ಮತ್ತು ಸೆಬಾಸ್ಟಿಯನ್. ಕಥೆ ನಡೆಯೋದು ಆಲ್ಪ್ಸ್‌ನಲ್ಲಿ, ನಾಯಿ ಮಾತ್ರ ಪಿರೆನೀಸ್‌ದು. ಆಮೇಲೆ ಕೇಳಬೇಕಾ? ಮನೆಮನೆಗೂ ಪಾತೂ. ಬೆಟ್ಟದಲ್ಲಿ ಮಾತ್ರ ಕೆಲಸ ಇಲ್ಲ.

— ಕೆಲಸ ಇಲ್ಲದ ಕಡೆ ಅರವತ್ತು ಕಿಲೋದ ನಾಯಿಗೆ ಯಾರು ಅನ್ನ ಹಾಕ್ತಾರೆ? ಕುರಿಗಾಹಿ ಸಾಕೋದು ಬಿಟ್ಟಿದ್ದರಲ್ಲಿ ತಪ್ಪಿಲ್ಲ.

— ತಪ್ಪಿಲ್ಲ. ಆದರೆ ಚಿಕ್ಕ ನಾಯಿಯನ್ನ ಬಿಡಲಿಲ್ಲ ನೋಡಿ. ಕರಡಿ ಇರಲಿ, ಹೋಗಲಿ, ಕುರಿಯನ್ನ ಸಂಜೆ ಗುಡಿಸಲಿಗೆ ತರಲೇಬೇಕಿತ್ತು. ಪಶ್ಚಿಮದ ಬೆಯಾರ್ನ್, ಬಾಸ್ಕ್ ಸೀಮೆಯಲ್ಲಿ ಹಾಲಿನ ಕುರಿಗಳು. ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ಕರೀಬೇಕು. ದಿನಕ್ಕೆರಡು ಸಲ ಹಿಂಡು ಕೂಡಿಸಬೇಕು ಅಂದರೆ ದಿನಕ್ಕೆರಡು ಸಲ ಆ ನಾಯಿ ಬೇಕು. ದೊರೆಯೂ ಕೇಳಲಿಲ್ಲ, ಟೆಲಿವಿಷನ್ನೂ ಕೇಳಲಿಲ್ಲ. ಹಾಗಾಗಿಯೇ ಉಳೀತು. ನನಗೆ ಈ ನಾಯಿಯ ಮೇಲೆ ಇಷ್ಟು ಪ್ರೀತಿ ಬಂದಿದ್ದು ಇದಕ್ಕೇ.

— ಈಗ ಪಾತೂ ವಾಪಸು ಬೆಟ್ಟ ಹತ್ತಿದೆ ಅಂತ ಕೇಳಿದ್ದೀನಿ, ಯಾಕೆ?

— ಕರಡಿ ವಾಪಸು ಬಂತು. ಬಂತು ಅನ್ನೋದಕ್ಕಿಂತ ತಂದರು. 1990ರ ದಶಕದ ಮಧ್ಯದಲ್ಲಿ ಇಡೀ ಪಿರೆನೀಸ್‌ನಲ್ಲಿ ಐದಾರು ಕರಡಿ ಉಳಿದಿದ್ದವು. 1996-97ರಲ್ಲಿ ಸ್ಲೊವೇನಿಯಾದಿಂದ ಮೂರು ಕರಡಿ ತಂದು ಬಿಟ್ಟರು. ಅಲ್ಲಿನ ಮೂಲ ಸಂತತಿಯ ಕೊನೆಯ ಹೆಣ್ಣು ಕನೆಲ್. 2004ರ ನವೆಂಬರ್ 1ರಂದು ಕಾಡುಹಂದಿ ಬೇಟೆಗೆ ಹೋದ ಒಬ್ಬನ ಗುಂಡಿಗೆ ಸತ್ತಿತು, ಮರಿ ಜೊತೆಗಿತ್ತು. ದೇಶಕ್ಕೆ ದೇಶವೇ ಮರುಗಿತು. 2006ರಲ್ಲಿ ಮತ್ತೆ ಐದು, 2018ರಲ್ಲಿ ಮತ್ತೆ ಎರಡು ಹೆಣ್ಣು ಕರಡಿ ತಂದರು. ಈಗ ಎಂಬತ್ತಕ್ಕೂ ಹೆಚ್ಚಿವೆ. ನನಗೆ ಸಂತೋಷ. ಒಂದು ಬೆಟ್ಟ ಕಳೆದುಕೊಂಡಿದ್ದನ್ನ ಮರಳಿ ಪಡೀತು.

— ನಿನಗೆ ಸಂತೋಷ. ನೀನು ವಾರದ ಕೊನೆಗೆ ಬೆನ್ನಿಗೆ ಚೀಲ ಹಾಕಿಕೊಂಡು ಹೋಗಿ ಬರೋಳು. ಕುರಿ ಸತ್ತವನನ್ನ ಕೇಳಿದ್ದೀಯಾ? ನಾನು ಇಲ್ಲಿ ತೋಳ ಹಿಡಿದ ಹಟ್ಟಿಗಳಿಗೆ ಹೋಗಿದ್ದೀನಿ. ಒಂದು ರಾತ್ರಿಗೆ ಹತ್ತು ಕುರಿ ಹೋದರೆ ಆ ಮನೆಯಲ್ಲಿ ಮಗಳ ಮದುವೆ ಒಂದು ವರ್ಷ ಮುಂದಕ್ಕೆ ಹೋಗುತ್ತೆ. ಪರಿಹಾರದ ಅರ್ಜಿ ಬರೆದು ಸಹಿ ಹಾಕೋನು ನಾನು. ಆ ಮುಖಗಳನ್ನ ನೋಡಿದವರು ಕರಡಿ ಬಂತು ಅಂತ ಹಿಗ್ಗೋದು ಕಷ್ಟ.

— ಕೇಳಿದ್ದೀನಿ ಚಿಕ್ಕಪ್ಪ. ಆರಿಯೇಜ್ ಸೀಮೆಯಲ್ಲಿ ಕೇಳಿದ್ದೀನಿ. ಅಲ್ಲೇ ಅತಿ ಹೆಚ್ಚು ಕುರಿ ಸಾಯೋದು. 2017ರ ಜುಲೈಯಲ್ಲಿ ಕರಡಿಗೆ ಬೆದರಿದ ಹಿಂಡೊಂದು ಗಡಿಯ ಬಂಡೆಯಂಚಿನಿಂದ ಸ್ಪೇನಿನ ಕಡೆಗೆ ಉರುಳಿತು. 200ಕ್ಕೂ ಹೆಚ್ಚು ಕುರಿ ಒಂದೇ ಸಲ. ಕರಡಿ ಮುಟ್ಟಿದ್ದಲ್ಲ, ಗಾಬರಿಯಲ್ಲಿ ಒಂದರ ಹಿಂದೆ ಒಂದು ಹಾರಿದ್ದು. ಆ ಸೀಮೆಯವರು ಕರಡಿ ಬೇಡ ಅಂತ ಬೀದಿಗಿಳಿದರೆ ನಾನು ತಪ್ಪು ಅನ್ನಲಾರೆ.

— ಬೆಯಾರ್ನ್‌ನಲ್ಲೂ ಕರಡಿ ಇದೆಯಲ್ಲ. ಅಲ್ಲಿ ಯಾಕೆ ಇಷ್ಟು ಸಾವಿಲ್ಲ?

— ಕರಡಿ ಅಲ್ಲಿ ಕಡಿಮೆ, ಅದೊಂದು. ಇನ್ನೊಂದು ಕಾರಣ ಹಾಲು. ಬೆಯಾರ್ನ್‌ನವರು ಸಂಜೆ ಹಾಲು ಕರೆಯೋದಕ್ಕೆ ಹಿಂಡನ್ನ ಗುಡಿಸಲಿನ ಹತ್ತಿರ ಕೂಡಿಸ್ತಾರೆ, ರಾತ್ರಿ ಅಲ್ಲೇ. ಆರಿಯೇಜಿನವು ಮಾಂಸದ ಕುರಿ. ಹಾಲು ಕರೆಯೋ ಕೆಲಸ ಇಲ್ಲ. ಬೇಸಿಗೆಯೆಲ್ಲ ಬೆಟ್ಟದ ಮೇಲೆ ಬಿಡುಬೀಸು ಮೇಯ್ತವೆ, ರಾತ್ರಿ ಎಲ್ಲಿ ಬೇಕೋ ಅಲ್ಲಿ ಗುಂಪು ಗುಂಪಾಗಿ ಮಲಗ್ತವೆ. ಕರಡಿ ಇಲ್ಲದ ಕಾಲದಲ್ಲಿ ಅದೇ ಸುಲಭದ, ಬುದ್ಧಿವಂತಿಕೆಯ ಪದ್ಧತಿ. ಈಗ ಅಂಥ ಚದುರಿದ ಹಿಂಡಿಗೆ ಎರಡು ಪಾತೂ ಬಿಟ್ಟರೆ ಅವು ಯಾವ ಗುಂಪನ್ನ ಕಾಯಬೇಕು?

— ಓ! ಹಾಗಾದರೆ ಕಾವಲು ಶುರುವಾಗೋದು ದೊಡ್ಡ ನಾಯಿಯಿಂದಲ್ಲ.

— ಅಲ್ಲವೇ ಅಲ್ಲ. ನಾನು ಇಷ್ಟು ಹೊತ್ತು ಹೇಳಬೇಕು ಅಂತಿದ್ದಿದ್ದು ಅದನ್ನೇ. ಸರ್ಕಾರ ಪಾತೂ ಕೊಳ್ಳೋಕೆ ದುಡ್ಡು ಕೊಡುತ್ತೆ, ಅದರ ಊಟಕ್ಕೂ ಕೊಡುತ್ತೆ, ಬೇಲಿಗೂ ಕೊಡುತ್ತೆ. ಪತ್ರಿಕೆಯವರು ಬಂದು ಪಾತೂ ಚಿತ್ರ ತೆಗೀತಾರೆ. ಆದರೆ ಸಂಜೆ ಆರು ಗಂಟೆಗೆ ಮೂರು ಇಳಿಜಾರಲ್ಲಿ ಚದುರಿದ ಕುರಿಗಳನ್ನ ಒಂದು ಕಡೆ ತರೋ ಆ ಹತ್ತು ಕಿಲೋದ ನಾಯಿ, ಅದರ ಜೊತೆ ಓಡೋ ಒಬ್ಬ ಮನುಷ್ಯ, ಇವರಿಲ್ಲದೆ ಪಾತೂ ಬೊಗಳಿ ಬೊಗಳಿ ಬೆಳಗು ಮಾಡುತ್ತೆ ಅಷ್ಟೇ. ಚಿಕ್ಕದು ಕೂಡಿಸಬೇಕು, ಆಮೇಲೆ ದೊಡ್ಡದು ಕಾಯಬೇಕು. ಹಳಬರು ಎರಡನ್ನೂ ಸಾಕಿದ್ದು ಈ ಲೆಕ್ಕದಿಂದ.

— ಇದು ನನಗೆ ಹೊಳೆದಿರಲಿಲ್ಲ. ನಮ್ಮ ಕುರಿಯವರು ರಾತ್ರಿ ಹಟ್ಟಿ ಕೂಡಿಸೋದು ಗೊಬ್ಬರಕ್ಕೆ. ಹೊಲದ ರೈತ ಅದಕ್ಕೆ ಕಾಳೋ ದುಡ್ಡೋ ಕೊಡ್ತಾನೆ. ಆ ಗೊಬ್ಬರದ ಲೆಕ್ಕವೇ ತೋಳದಿಂದಲೂ ಕಾಪಾಡ್ತಾ ಬಂದಿದೆ. ಹೊಲದವನು ಹಟ್ಟಿ ಬೇಡ, ಚೀಲದ ಗೊಬ್ಬರ ಸಾಕು ಅಂದ ಕಡೆಯೇ ಹಿಂಡು ಅಡವಿಯಂಚಿನಲ್ಲಿ ಮಲಗೋ ಹಾಗಾಗಿದೆ… ಇರಲಿ, ಪಾತೂ ಮರಿಯನ್ನ ಬೆಳೆಸೋದು ಹೇಗೆ? ಮನೆಯಲ್ಲಿ ಬೆಳೆದದ್ದನ್ನ ತಂದು ಬಿಟ್ಟರೆ ಆಗಲ್ಲವಲ್ಲ.

— ಆಗಲ್ಲ. ಕುರಿರೊಪ್ಪದಲ್ಲೇ ಹುಟ್ಟಬೇಕು. ಎರಡು ತಿಂಗಳಿನ ಹೊತ್ತಿಗೆ ಕುರಿಮರಿಗಳ ಜೊತೆ ಬಿಡ್ತಾರೆ. ಕುರಿಯ ವಾಸನೆ, ಕುರಿಯ ಬಿಸಿ, ಅದೇ ಅದರ ಮನೆ. ತುಂಬ ಮುದ್ದು ಮಾಡಿದರೆ ಹಿಂಡು ಬಿಟ್ಟು ಮನುಷ್ಯರ ಹಿಂದೆ ಬರುತ್ತೆ. ಮುಟ್ಟದೇ ಬಿಟ್ಟರೆ ಆಮೇಲೆ ಯಾರ ಕೈಗೂ ಸಿಗಲ್ಲ, ಔಷಧಿ ಹಾಕೋದಕ್ಕೂ ಆಗಲ್ಲ. ನಡುವಿನ ಹದ ಹಿಡೀಬೇಕು. ನಲವತ್ತು ಐವತ್ತು ವರ್ಷ ಕೆಲಸ ನಿಂತಿದ್ದರಿಂದ ಆ ಹದ ಗೊತ್ತಿದ್ದ ಮುದುಕರು ಹೋಗಿಬಿಟ್ಟಿದ್ದರು. ನಾಯಿಯ ರಕ್ತ ಉಳಿದಿತ್ತು, ಸಾಕೋ ವಿದ್ಯೆ ಉಳಿದಿರಲಿಲ್ಲ. ಹೊಸದಾಗಿ ಕಲಿತರು. ಈಗ ಅಲ್ಲಿ ಚಾರಣದ ದಾರಿ ಶುರುವಾಗೋ ಕಡೆ ಫಲಕ ಹಾಕಿರ್ತಾರೆ: ಬಿಳಿ ನಾಯಿ ಬಂದರೆ ಓಡಬೇಡಿ, ಕೋಲು ಎತ್ತಬೇಡಿ, ಕಣ್ಣಲ್ಲಿ ಕಣ್ಣಿಟ್ಟು ನೋಡಬೇಡಿ, ಹಿಂಡನ್ನ ಸುತ್ತುಹಾಕಿ ಹೋಗಿ ಅಂತ.

— ಮುಳ್ಳಿನ ಪಟ್ಟಿ ಕಟ್ಟುತ್ತಾರಾ? ಇಲ್ಲಿ ಚಿರತೆ ಇರೋ ಕಡೆ ಕಟ್ಟುತ್ತಾರೆ.

— ಹಿಂದೆ ಕಟ್ಟುತ್ತಿದ್ದರು, ಕಬ್ಬಿಣದ ಮೊಳೆಯ ಪಟ್ಟಿ. ಕುತ್ತಿಗೆಗೆ ಬಾಯಿ ಹಾಕೋ ಪ್ರಾಣಿ ಎಲ್ಲಿದ್ದರೂ ಜನ ಅದೇ ಉಪಾಯ ಕಂಡುಕೊಂಡಿದ್ದಾರೆ ನೋಡಿ.

— ಬೆಂಗಳೂರಲ್ಲಿರೋ ನಿನ್ನ ತಮ್ಮ ಈ ಚಿಕ್ಕ ನಾಯಿಯ ಮರಿ ಬೇಕು ಅಂತಿದ್ದನಂತೆ. ಹತ್ತು ಕಿಲೋ ತಾನೇ, ಫ್ಲ್ಯಾಟಲ್ಲಿ ಇಟ್ಟುಕೊಳ್ತೀನಿ ಅಂದನಂತೆ.

— ಬೇಡ ಅಂತ ನೀವೇ ಹೇಳಿ ಚಿಕ್ಕಪ್ಪ, ನಾನು ಹೇಳಿದರೆ ಕೇಳಲ್ಲ. ಗಾತ್ರ ನೋಡಿ ಮೋಸ ಹೋಗೋದು ಇಲ್ಲೇ. ಅದಕ್ಕೆ ಜಾಗ ಹೆಚ್ಚು ಬೇಡ, ಕೆಲಸ ಬೇಕು. ದಿನಕ್ಕೆರಡು ಸಲ ಹಿಂಡು ಕೂಡಿಸೋದಕ್ಕೆ ಹುಟ್ಟಿದ ತಲೆ ಅದು. ಬೆಳಿಗ್ಗೆಯಿಂದ ಸಂಜೆವರೆಗೆ ಬೀಗ ಹಾಕಿದ ಮನೆಯಲ್ಲಿ ಇಟ್ಟರೆ ಲಿಫ್ಟಿನ ಸದ್ದಿಗೆ ಬೊಗಳುತ್ತೆ, ಬಾಗಿಲು ಕೆರೆಯುತ್ತೆ, ಕಾಣದ ಹಿಂಡಿಗಾಗಿ ಗೋಡೆಯಿಂದ ಗೋಡೆಗೆ ಓಡುತ್ತೆ. ಯೂರೋಪಿನಲ್ಲಿ ಕುರಿ ಇಲ್ಲದೆ ಸಾಕೋರು ಅದನ್ನ ಅಡೆತಡೆ ಓಟದ ಕ್ರೀಡೆಗೆ ಕರ್ಕೊಂಡು ಹೋಗ್ತಾರೆ, ದಿನಾ ಅಭ್ಯಾಸ ಮಾಡಿಸ್ತಾರೆ; ಅಂತರರಾಷ್ಟ್ರೀಯ ಸ್ಪರ್ಧೆಗಳಲ್ಲಿ ಪದಕಗಳನ್ನೂ ಗೆದ್ದಿದೆ. ಅಷ್ಟು ಮಾಡೋರಿಗೆ ಮಾತ್ರ ಅದು ಹದಿನೈದು ವರ್ಷದ ಜೊತೆಗಾರ.

— ಮಾರ್ಚ್ ತಿಂಗಳ ಬಿಸಿಲಿಗೆ ಆ ಉಣ್ಣೆ ಮೈ ಬೇರೆ. ಹಸ್ಕಿ ನಾಯಿಗಳನ್ನ ಎ.ಸಿ. ಕೋಣೆಯಲ್ಲಿಟ್ಟು, ಚರ್ಮ ಕೆಟ್ಟಮೇಲೆ ತರೋರನ್ನ ನೋಡಿ ನೋಡಿ ಸಾಕಾಗಿದೆ. ಅವನಿಗೆ ನಾನು ಹೇಳ್ತೀನಿ. ನನಗೆ ಇನ್ನೊಂದು ವಿಷಯ ಹೇಳು. ಆರಿಯೇಜಿನವರು ಈಗ ರಾತ್ರಿ ಹಿಂಡು ಕೂಡಿಸೋಕೆ ಶುರುಮಾಡಿದ್ದಾರಾ?

— ಕೆಲವರು ಮಾಡಿದ್ದಾರೆ. ಸುಲಭ ಅಲ್ಲ. ದಿನಾ ಒಂದೇ ಜಾಗಕ್ಕೆ ತಂದರೆ ಅಲ್ಲಿನ ಹುಲ್ಲು ಸತ್ತುಹೋಗುತ್ತೆ.

— ಮಳೆ ಬಂದರೆ ಅದೇ ಕೆಸರಲ್ಲಿ ನಿಂತು ಗೊರಸು ಕೊಳೆಯುತ್ತೆ. ಕುಂಟೋ ಕುರಿ ಮೇಯಲ್ಲ, ಮೇಯದ ಕುರಿ ತೂಕ ಬರಲ್ಲ.

— ಅದನ್ನೇ ಅವರೂ ಹೇಳ್ತಾರೆ. ಸಂಜೆ ಇಳಿಸಬೇಕು, ಬೆಳಿಗ್ಗೆ ಹತ್ತಿಸಬೇಕು, ಅಷ್ಟು ಹೊತ್ತಿನ ಮೇವು ಹೋಯಿತು ಅಂತ. ಒಬ್ಬ ಮನುಷ್ಯನಿಂದ ಆಗಲ್ಲ. ಎರಡನೆಯವರು ಬೇಕು, ಗುಡಿಸಲು ಬೇಕು, ಗುಡಿಸಲಲ್ಲಿ ಇಬ್ಬರು ಮಲಗೋ ಜಾಗ ಬೇಕು. ಆರಿಯೇಜಿನಲ್ಲೂ ಬೆಯಾರ್ನ್‌ನಲ್ಲೂ ಈಗ ಕುರಿಗಾಹಿಗಳ ತರಬೇತಿ ಶಾಲೆಗಳಿವೆ. ಪಟ್ಟಣದಲ್ಲಿ ಹುಟ್ಟಿದ ಹುಡುಗರು, ಹುಡುಗಿಯರು ಸೇರ್ತಾರೆ. ನಾನು ಮಾತಾಡಿಸಿದ ಒಬ್ಬ ಹುಡುಗಿ ಹಾಗೇ ಬಂದವಳು. ಮೊದಲ ಬೇಸಿಗೆ ಹಳೇ ಕುರಿಗಾಹಿಯ ನಾಯಿ ಜೊತೆ ದುಡಿದಳು. ಆ ನಾಯಿ ಇವಳ ಮಾತು ಕೇಳ್ತಿರಲಿಲ್ಲವಂತೆ. ತನಗೆ ಸರಿ ಕಂಡ ಹಾಗೆ ಹಿಂಡು ತಿರುಗಿಸಿ ತರ್ತಿತ್ತಂತೆ. ಅದನ್ನ ನೋಡಿಕೊಂಡೇ ಬೆಟ್ಟದ ದಾರಿ ಕಲಿತೆ ಅಂದಳು. ಈಗ ಅವಳದೇ ಒಂದು ಮರಿ ಇದೆ, ಅದೇ ನಾಯಿಯ ಮೊಮ್ಮಗಳು.

— ಅವಳಿಗೆ ವರ್ಷವಿಡೀ ಸಂಬಳ ಇದೆಯಾ?

— ಬೇಸಿಗೆಗೆ ಮಾತ್ರ. ಚಳಿಗಾಲದಲ್ಲಿ ಬೇರೆ ಕೂಲಿ. ಚಳಿಗಾಲದಲ್ಲಿ ನಾಯಿಯ ಖರ್ಚೂ ಅವಳದ್ದೇ.

— ಹಾಗಾದರೆ ಕರಡಿ ಇರಲಿ ಅನ್ನೋ ನಿನ್ನ ಮಾತಿಗೆ ನಾನು ಒಪ್ಪೋದು ಆ ಹುಡುಗಿಗೆ ಹನ್ನೆರಡು ತಿಂಗಳ ಸಂಬಳ ಬಂದ ಮೇಲೆ. ಕರಡಿಗೂ ದುಡ್ಡಿದೆ, ಪಾತೂವಿಗೂ ದುಡ್ಡಿದೆ. ಸಂಜೆ ಹಿಂಡು ಕೂಡಿಸೋ ಆ ಇಬ್ಬರಿಗೆ ವರ್ಷವಿಡೀ ಯಾಕಿಲ್ಲ?

— ಅವಳೂ ಇದೇ ಪ್ರಶ್ನೆ ಕೇಳಿದಳು ಚಿಕ್ಕಪ್ಪ. ಕರಡಿ ಬೇಡ ಅಂತ ಮಾತ್ರ ಅನ್ನಲಿಲ್ಲ.